ಅಳಿಸು, ಅಳಿಸಿ, ಅಳಿಸಲೇ? ಎಕ್ಸೆಲ್ ಆಡ್-ಇನ್‌ನ ಡೈಲಾಗ್ ಬಾಕ್ಸಿಗೆ ಯಾವ ಕನ್ನಡ ಸರಿ

ಅಡಿಕೆ ಮಂಡಿಯ ತೂಕದ ಪಟ್ಟಿ, ಹಾಲಿನ ಡೇರಿಯ ಬಟವಾಡೆ, ಸ್ವಸಹಾಯ ಸಂಘದ ಉಳಿತಾಯ, ಸೊಸೈಟಿಯ ಸಾಲದ ಬಾಕಿ. ನಮ್ಮ ಶಿವಮೊಗ್ಗ ಕಡೆ ಇಂಥ ಲೆಕ್ಕ ಎಷ್ಟೋ ಕಡೆ ಎಕ್ಸೆಲ್ ಶೀಟಿನಲ್ಲೇ ಇದೆ. ಕೆಲಸ ಬೇಗ ಆಗಲಿ ಎಂದು ಊರಿನಲ್ಲೇ ಕಂಪ್ಯೂಟರ್ ಗೊತ್ತಿರುವವರು ಒಂದು ಮ್ಯಾಕ್ರೋ, ಅಂದರೆ ಎಕ್ಸೆಲ್ ಕೆಲಸವನ್ನು ತಾನಾಗಿ ಮಾಡುವ ಸಣ್ಣ ಕೋಡ್, ಬರೆದುಕೊಡುತ್ತಾರೆ. ಅದು ಬೆಳೆದು ಆಡ್-ಇನ್, ಅಂದರೆ ಎಕ್ಸೆಲ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ, ಆಗುತ್ತದೆ. ಸೂತ್ರ ಸರಿ ಇದೆಯಾ, ಮೊತ್ತ ತಾಳೆ ಆಗುತ್ತಾ ಎಂದು ಹತ್ತು ಸಲ ನೋಡುತ್ತೇವೆ. ಆದರೆ ಪರದೆಯ ಮೇಲೆ ಡೈಲಾಗ್ ಬಾಕ್ಸಿನಲ್ಲಿ, ಅಂದರೆ ಏನಾದರೂ ಹೇಳಲು, ಕೇಳಲು ತೆರೆದುಕೊಳ್ಳುವ ಪುಟ್ಟ ಪೆಟ್ಟಿಗೆಯಲ್ಲಿ, ಬರುವ ಮಾತನ್ನು ಕೊನೆಯ ಗಳಿಗೆಯಲ್ಲಿ ಕೈಗೆ ಬಂದ ಹಾಗೆ ಬರೆದುಬಿಡುತ್ತೇವೆ. ದಿನವಿಡೀ ಆ ಮಾತನ್ನು ಓದುವವರು ಕೌಂಟರಿನಲ್ಲಿ ಕೂತವರು, ನಾವಲ್ಲ. ಅವರಿಗಾಗಿಯೇ ಈ ಹೋಲಿಕೆ. ಎರಡು ಮೂರು ದಾರಿ ಇರುವ ಕಡೆ ಯಾವುದನ್ನು ಹಿಡಿಯಬೇಕು, ಯಾಕೆ ಎಂದು ಒಂದೊಂದಾಗಿ ನೋಡೋಣ.

ಮೊದಲು ಮಾತು ಯಾರದು ಎಂದು ನೋಡಿ

‘ಉಳಿಸು’ ಅನ್ನಬೇಕಾ, ‘ಉಳಿಸಿ’ ಅನ್ನಬೇಕಾ? ಕನ್ನಡದಲ್ಲಿ ಡೈಲಾಗ್ ಬಾಕ್ಸ್ ಬರೆಯಲು ಕೂತವರಿಗೆಲ್ಲ ಎದುರಾಗುವ ಮೊದಲ ಪ್ರಶ್ನೆ ಇದು. ‘ಉಳಿಸು’ ಅಂದರೆ ಏಕವಚನ, ದೊಡ್ಡವರಿಗೆ ಹಾಗೆ ಹೇಳಬಾರದು, ಆದ್ದರಿಂದ ಎಲ್ಲ ಕಡೆ ‘ಉಳಿಸಿ’ ಇರಲಿ ಎನ್ನುವವರು ಒಂದು ಕಡೆ. ಚಿಕ್ಕದಾಗಿದ್ದರೆ ಸಾಕು, ಎಲ್ಲ ಕಡೆ ‘ಉಳಿಸು’ ಇರಲಿ ಎನ್ನುವವರು ಇನ್ನೊಂದು ಕಡೆ. ಕನ್ನಡಕ್ಕೆ ಬಂದಿರುವ ತಂತ್ರಾಂಶಗಳಲ್ಲೂ ಎರಡೂ ಬಗೆ ಕಾಣಸಿಗುತ್ತವೆ.

ನನ್ನ ಪ್ರಕಾರ ಎರಡೂ ಬೇಕು, ಆದರೆ ಬೇರೆ ಬೇರೆ ಜಾಗದಲ್ಲಿ. ಡೈಲಾಗ್ ಬಾಕ್ಸ್ ಅಂದರೆ ಇಬ್ಬರ ಮಾತುಕತೆ. ಮೇಲಿರುವ ವಾಕ್ಯ ಆಡ್-ಇನ್ ಆಡುವ ಮಾತು, ಅದು ಕೌಂಟರಿನಲ್ಲಿ ಕೂತವರಿಗೆ ಹೇಳುತ್ತಿದೆ. ಕೆಳಗಿರುವ ಬಟನ್ ಕೂತವರ ಮಾತು, ಅವರು ಕಂಪ್ಯೂಟರಿಗೆ ಹೇಳುತ್ತಿದ್ದಾರೆ. ಹಾಗಾಗಿ ಮೇಲೆ ‘ತೂಕ ಬರೆಯಿರಿ’, ‘ತಾರೀಕು ನೋಡಿ’ ಎಂದು ಬಹುವಚನ ಬರಬೇಕು. ಕೆಳಗೆ ‘ಉಳಿಸು’, ‘ಅಳಿಸು’, ‘ಮುಂದೆ ಹೋಗು’ ಎಂದು ಏಕವಚನ ಇದ್ದರೆ ಯಾರಿಗೂ ಅಗೌರವ ಆಗುವುದಿಲ್ಲ. ಕಂಪ್ಯೂಟರಿಗೆ ಯಾರೂ ‘ಉಳಿಸಿ ಸ್ವಾಮಿ’ ಎಂದು ಹೇಳುವುದಿಲ್ಲ ಅಲ್ವಾ?

ಇದಕ್ಕೆ ಇನ್ನೊಂದು ಲಾಭವೂ ಇದೆ. ‘ಅಳಿಸಿ’ ಎಂಬ ರೂಪ ಎರಡು ಅರ್ಥ ಕೊಡುತ್ತದೆ. ಅಳಿಸಿರಿ ಎಂಬ ಅರ್ಥವೂ ಉಂಟು, ಅಳಿಸಿದ ಮೇಲೆ ಎಂಬ ಅರ್ಥವೂ ಉಂಟು. ‘ಅಳಿಸಿ ಮುಂದುವರಿಸಿ’ ಎಂದು ಬಟನ್ ಮೇಲಿದ್ದರೆ ಒಂದು ಕೆಲಸವೋ ಎರಡೋ ಎಂದು ಓದುವವರು ತಡವರಿಸುತ್ತಾರೆ. ‘ಅಳಿಸು’ ಎಂಬುದಕ್ಕೆ ಆ ತೊಡಕಿಲ್ಲ, ಜಾಗವೂ ಕಡಿಮೆ ಸಾಕು.

‘ಮಾಡಿರಿ’, ‘ನಮೂದಿಸತಕ್ಕದ್ದು’ ಎಂಬ ರೂಪಗಳನ್ನು ನಾನು ಬಳಸುವುದಿಲ್ಲ. ಅವು ನೋಟಿಸ್ ಬೋರ್ಡಿನ ಕನ್ನಡ. ‘ಯಶಸ್ವಿಯಾಗಿ ಉಳಿಸಲಾಗಿದೆ’ ಎಂಬುದಕ್ಕೂ ಅದೇ ಮಾತು. ಕೆಲಸ ಮುಗಿದಾಗ ನಾವು ಬಾಯಲ್ಲಿ ಹೇಳುವುದು ‘ಆಯಿತು’ ಎಂದು. ‘38 ಚೀಟಿ ಸೇರಿಸಿ ಆಯಿತು’ ಎಂದರೆ ಎಲ್ಲವೂ ತಿಳಿಯುತ್ತದೆ. ಯಶಸ್ಸಿನ ಮಾತು ಸೇರಿಸುವುದಕ್ಕಿಂತ ಎಷ್ಟು ಚೀಟಿ ಎಂಬ ಸಂಖ್ಯೆ ಸೇರಿಸಿದರೆ ಕೂತವರಿಗೆ ಧೈರ್ಯ ಬರುತ್ತದೆ.

ಹಾಗಾದರೆ ಪೂರ್ತಿ ಆಡುಮಾತೇ ಇರಲಿ ಎನ್ನಬಹುದು. ಅಲ್ಲಿ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ತೀರ್ಥಹಳ್ಳಿಯವರ ‘ಎಂತ’ ಶಿಕಾರಿಪುರದಲ್ಲಿ ‘ಏನು’ ಆಗುತ್ತದೆ. ಒಂದೇ ಆಡ್-ಇನ್ ಎರಡೂ ಊರಿಗೆ ಹೋಗುತ್ತದೆ. ಪದ ಸುಲಭದ್ದಿರಲಿ, ಕ್ರಿಯಾಪದದ ಕೊನೆ ಬರವಣಿಗೆಯದ್ದಿರಲಿ. ಅಷ್ಟಾದರೆ ಎಲ್ಲರಿಗೂ ಹೊಂದುತ್ತದೆ.

ಕೇಳುವ ರೀತಿ: ಅಳಿಸಬೇಕೆ, ಅಳಿಸಲೇ, ಖಚಿತವೇ

ಒಂದು ಪಟ್ಟಿಯನ್ನು ಅಳಿಸುವ ಮುಂಚೆ ಕೇಳಬೇಕು. ಹೇಗೆ ಕೇಳುವುದು?

‘ನೀವು ಖಚಿತವಾಗಿದ್ದೀರಾ?’ ಎಂಬುದನ್ನು ಬಿಟ್ಟುಬಿಡಿ. ನಮ್ಮಲ್ಲಿ ಯಾರೂ ಯಾರನ್ನೂ ಹೀಗೆ ಕೇಳುವುದಿಲ್ಲ. ಏನು ಅಳಿಸುತ್ತದೆ, ಎಷ್ಟು ಅಳಿಸುತ್ತದೆ ಎಂದೂ ಅದು ಹೇಳುವುದಿಲ್ಲ. ‘ಅಳಿಸಬೇಕೆ?’ ಎಂಬುದು ತಪ್ಪಲ್ಲ. ಆದರೆ ಅಳಿಸುವ ಅಗತ್ಯ ಇದೆಯಾ ಎಂದು ಸಲಹೆ ಕೇಳಿದ ಹಾಗೂ ಕೇಳಿಸುತ್ತದೆ. ‘ಅಳಿಸಲೇ?’ ಎಂದರೆ ಅಪ್ಪಣೆ ಕೇಳಿದಂತೆ. ಮಾಡುವವರು ಯಾರು, ಒಪ್ಪಬೇಕಾದವರು ಯಾರು ಎಂಬುದು ಆ ಒಂದೇ ಪದದಲ್ಲಿ ಇದೆ. ಕೆಲಸದವರು ಮನೆಯವರನ್ನು ಕೇಳುವ ರೀತಿ ಅದು. ನಾನು ಯಾವಾಗಲೂ ಇದನ್ನೇ ಆರಿಸುತ್ತೇನೆ: ‘ಏಪ್ರಿಲ್ ಶೀಟಿನ 214 ಸಾಲು ಅಳಿಸಲೇ?’

ಈಗ ಬಟನ್. ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು, ಯಾಕೆಂದರೆ ಲೆಕ್ಕ ಹಾಳಾಗುವುದು ಇಲ್ಲೇ.

ಎಕ್ಸೆಲ್ ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎಯ ಮೆಸೇಜ್ ಬಾಕ್ಸ್ ನಮಗೆ ಸಿದ್ಧ ಬಟನ್‌ಗಳನ್ನು ಕೊಡುತ್ತದೆ: ಓಕೆ, ಕ್ಯಾನ್ಸಲ್, ಯೆಸ್, ನೋ, ರಿಟ್ರೈ ಇತ್ಯಾದಿ. ಅವನ್ನು ಕನ್ನಡಕ್ಕೆ ತಂದಾಗ ‘ಹೌದು’, ‘ಇಲ್ಲ’, ‘ಸರಿ’, ‘ರದ್ದು ಮಾಡು’ ಎಂದಾಗುತ್ತದೆ. ಈಗ ‘ಅಳಿಸಲೇ?’ ಎಂದು ಯಾರಾದರೂ ಎದುರಿಗೆ ಬಂದು ಕೇಳಿದರೆ ನೀವು ಏನು ಹೇಳುತ್ತೀರಿ? ‘ಅಳಿಸು’ ಅನ್ನುತ್ತೀರಿ, ಇಲ್ಲವೇ ‘ಬೇಡ’ ಅನ್ನುತ್ತೀರಿ. ‘ಇಲ್ಲ’ ಅನ್ನುವುದಿಲ್ಲ. ಕನ್ನಡದಲ್ಲಿ ‘ಹೌದು’, ‘ಇಲ್ಲ’ ಎಂಬುವು ನಡೆದದ್ದರ ಬಗ್ಗೆ, ಇರುವುದರ ಬಗ್ಗೆ ಕೇಳಿದಾಗ ಬರುವ ಉತ್ತರ. ಮಾಡಬೇಕಾದ ಕೆಲಸದ ಬಗ್ಗೆ ಕೇಳಿದರೆ ಉತ್ತರ ‘ಮಾಡು’ ಅಥವಾ ‘ಬೇಡ’. ಹಾಗಾಗಿ ಎರಡು ಬಟನ್ ಹೀಗಿರಲಿ: ‘214 ಸಾಲು ಅಳಿಸು’, ‘ಬೇಡ’. ವಾಕ್ಯ ಓದದೆ ಬಟನ್ ಮಾತ್ರ ನೋಡುವವರೇ ಜಾಸ್ತಿ. ಅವರಿಗೂ ಏನು ನಡೆಯಲಿದೆ ಎಂದು ತಿಳಿಯುತ್ತದೆ.

‘ರದ್ದು’ ಪದದ ಬಗ್ಗೆ ವಿಶೇಷ ಎಚ್ಚರ ಬೇಕು. ಮಂಡಿಯಲ್ಲಿ ಬಿಲ್ ರದ್ದು ಮಾಡುವುದು ದಿನದ ಕೆಲಸ. ‘ಈ ಬಿಲ್ ರದ್ದು ಮಾಡಬೇಕೆ?’ ಎಂದು ಕೇಳಿ, ಕೆಳಗೆ ‘ಸರಿ’ ಮತ್ತು ‘ರದ್ದು ಮಾಡು’ ಎಂಬ ಎರಡು ಬಟನ್ ಇಟ್ಟರೆ, ಬಿಲ್ ತೆಗೆಯಲೆಂದೇ ಬಂದವರು ಯಾವುದನ್ನು ಒತ್ತಬೇಕು? ನ್ಯಾಯವಾಗಿ ಅವರು ‘ರದ್ದು ಮಾಡು’ ಒತ್ತುತ್ತಾರೆ. ಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ, ಬಿಲ್ ಹಾಗೇ ಉಳಿಯುತ್ತದೆ. ಸಂಜೆ ಲೆಕ್ಕ ತಾಳೆ ಆಗುವುದಿಲ್ಲ. ಈ ಜಾಗದಲ್ಲಿ ‘ಬಿಲ್ ತೆಗೆ’ ಮತ್ತು ‘ಹಾಗೇ ಇರಲಿ’ ಎಂದು ಬರೆದರೆ ಗೊಂದಲವೇ ಇಲ್ಲ.

‘ಇಲ್ಲವೇ’ ಎಂದು ಕೊನೆಯಾಗುವ ಪ್ರಶ್ನೆ ಇದಕ್ಕಿಂತ ಕೆಟ್ಟದ್ದು. ‘ಬ್ಯಾಕಪ್ ತೆಗೆದಿಲ್ಲವೇ?’ ಎಂದು ಕೇಳಿದರೆ ನಮ್ಮವರು ‘ಹೌದು, ತೆಗೆದಿಲ್ಲ’ ಎಂದು ಉತ್ತರ ಕೊಡುತ್ತಾರೆ. ಕೇಳಿದವರ ಮಾತಿಗೆ ಒಪ್ಪುವುದು ನಮ್ಮ ಕ್ರಮ. ಇಂಗ್ಲಿಷಿನ ಲೆಕ್ಕದಲ್ಲಿ ಯೋಚಿಸಿ ಬರೆದ ಕೋಡ್ ಆ ‘ಹೌದು’ ಎಂಬುದನ್ನು ಬ್ಯಾಕಪ್ ತೆಗೆದಾಗಿದೆ ಎಂದು ಓದುತ್ತದೆ. ಆದ್ದರಿಂದ ‘ಬ್ಯಾಕಪ್ ತೆಗೆದಿದ್ದೀರಾ?’ ಎಂದು ನೇರವಾಗಿ ಕೇಳಿ. ಅದಕ್ಕಿಂತ ಒಳ್ಳೆಯದು, ಆಡ್-ಇನ್ ತಾನೇ ಒಂದು ಪ್ರತಿ ಉಳಿಸಿಕೊಂಡು ಕೇಳದೆ ಮುಂದೆ ಹೋಗುವುದು.

ಮೆಸೇಜ್ ಬಾಕ್ಸಿನ ಇನ್ನೆರಡು ಗುಣ ತಿಳಿದಿರಲಿ. ಯೆಸ್-ನೋ ಮಾತ್ರ ಇರುವ ಪೆಟ್ಟಿಗೆಯಲ್ಲಿ ಮೂಲೆಯ ಎಕ್ಸ್ ಗುರುತು ಕೆಲಸ ಮಾಡುವುದಿಲ್ಲ, ಎಸ್ಕೇಪ್ ಕೀ ಕೂಡ ಕೆಲಸ ಮಾಡುವುದಿಲ್ಲ. ಅರ್ಥ ಆಗದವರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ. ಓಕೆ-ಕ್ಯಾನ್ಸಲ್ ಅಥವಾ ಯೆಸ್-ನೋ-ಕ್ಯಾನ್ಸಲ್ ಇದ್ದರೆ ಎಕ್ಸ್ ಒತ್ತಿ ಹೊರಬರಬಹುದು. ಎರಡನೆಯದು, ಏನೂ ಹೇಳದಿದ್ದರೆ ಎಂಟರ್ ಒತ್ತಿದಾಗ ಮೊದಲ ಬಟನ್ ಓಡುತ್ತದೆ. ಚೀಟಿ ಮೇಲೆ ಚೀಟಿ ಹೊಡೆಯುವವರ ಬೆರಳು ಎಂಟರ್ ಮೇಲೇ ಇರುತ್ತದೆ. ಅಳಿಸುವ ಪ್ರಶ್ನೆ ಇದ್ದಾಗ ಡಿಫಾಲ್ಟ್ ಬಟನ್ ಎರಡನೆಯದು ಎಂದು ಕೋಡಿನಲ್ಲಿ ಹೇಳಿಬಿಡಿ. ಮಾತಿನಲ್ಲಿ ಎಷ್ಟು ಮರ್ಯಾದೆ ಇದ್ದರೂ ಎಂಟರ್ ಒತ್ತಿದ ಕೂಡಲೇ ಪಟ್ಟಿ ಹೋಗುವಂತಿದ್ದರೆ ಆ ಮರ್ಯಾದೆಗೆ ಬೆಲೆ ಇಲ್ಲ.

ದಯವಿಟ್ಟು, ಕ್ಷಮಿಸಿ, ಸ್ವಲ್ಪ

‘ದಯವಿಟ್ಟು ತೂಕ ನಮೂದಿಸಿ.’ ‘ದಯವಿಟ್ಟು ದರ ನಮೂದಿಸಿ.’ ‘ದಯವಿಟ್ಟು ತಾರೀಕು ನಮೂದಿಸಿ.’ ಒಂದು ಚೀಟಿಗೆ ಮೂರು ದಯೆ. ಸುಗ್ಗಿಯ ದಿನ ಕೌಂಟರಿನಲ್ಲಿ ಕೂತವರು ಇದನ್ನು ಎಷ್ಟು ಸಲ ಓದಬೇಕಾಗುತ್ತದೆ ಎಂದು ಯೋಚಿಸಿ. ‘ಬರೆಯಿರಿ’ ಎಂಬುದರಲ್ಲೇ ಗೌರವ ಇದೆ. ಅದರ ಮುಂದೆ ‘ದಯವಿಟ್ಟು’ ಸೇರಿಸಿದರೆ ಗೌರವ ಎರಡು ಪಟ್ಟು ಆಗುವುದಿಲ್ಲ, ಓದುವ ಹೊತ್ತು ಮಾತ್ರ ಹೆಚ್ಚುತ್ತದೆ.

ಇಂಗ್ಲಿಷಿನಲ್ಲೂ ಈ ವಿಷಯ ಚರ್ಚೆಯಾಗಿದೆ. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಮಾರ್ಗಸೂಚಿಯಲ್ಲಿ ‘ಪ್ಲೀಸ್’ ಪದವನ್ನು ಹಿತಮಿತವಾಗಿ ಬಳಸಿ ಎನ್ನುತ್ತದೆ. ಬಳಸುವವರಿಗೆ ತೊಂದರೆ ಕೊಡುವ ಕೆಲಸ ಹೇಳುವಾಗ, ಅಥವಾ ತಪ್ಪು ತಂತ್ರಾಂಶದ್ದೇ ಆಗಿರುವಾಗ ಅದು ಇರಲಿ. ‘ಸಾರಿ’ ಎಂಬುದು ದತ್ತಾಂಶ ಕಳೆದುಹೋದಂಥ ಗಂಭೀರ ಸಂದರ್ಭಕ್ಕೆ ಮೀಸಲು. ಇಂಗ್ಲಿಷಿನಲ್ಲಿ ಬರೇ ಕ್ರಿಯಾಪದ ಒರಟಾಗಿ ಕೇಳಿಸಬಹುದು, ಆದರೂ ಅವರು ಕಡಿಮೆ ಬಳಸಿ ಎನ್ನುತ್ತಾರೆ. ಬಹುವಚನದಲ್ಲೇ ಮರ್ಯಾದೆ ಇರುವ ನಮಗೆ ಇನ್ನೂ ಕಡಿಮೆ ಸಾಕು.

ನಾನು ‘ದಯವಿಟ್ಟು’ ಬಳಸುವುದು ಕೆಲಸ ನಿಲ್ಲಿಸುವಾಗ ಮಾತ್ರ. ಮಾರ್ಚ್ 31ರ ವರ್ಷಾಂತ್ಯದ ಲೆಕ್ಕ ಓಡಿಸುವ ಮುಂಚೆ ‘ದಯವಿಟ್ಟು ಬೇರೆ ಎಕ್ಸೆಲ್ ಫೈಲ್‌ಗಳನ್ನೆಲ್ಲ ಮುಚ್ಚಿ’ ಎನ್ನಬೇಕಾಗುತ್ತದೆ. ಅದು ಅವರಿಗೆ ನಿಜವಾದ ತೊಂದರೆ. ಅಲ್ಲಿ ಕೇಳಿಕೊಳ್ಳುವುದು ಸರಿ. ಕಾಯಲು ಹೇಳುವಾಗ ನಮ್ಮ ನಾಲಿಗೆಗೆ ಹೊಂದುವ ಪದ ‘ಸ್ವಲ್ಪ’. ‘ಸ್ವಲ್ಪ ತಾಳಿ, ಇನ್ನೂ 120 ಖಾತೆ ಬಾಕಿ ಇದೆ’ ಎಂದರೆ ಮೃದುವಾಗಿಯೂ ಇದೆ, ಎಷ್ಟು ಹೊತ್ತು ಎಂಬ ಅಂದಾಜೂ ಸಿಗುತ್ತದೆ.

ಇನ್ನೊಂದು ರೂಪವನ್ನು ನಾವು ಮರೆತೇಬಿಟ್ಟಿದ್ದೇವೆ. ‘ಅಂಕಿ ಮಾತ್ರ ಇರಲಿ’, ‘ತಾರೀಕು ಈ ತಿಂಗಳದ್ದಾಗಿರಲಿ’. ಇದರಲ್ಲಿ ಆಜ್ಞೆಯೂ ಇಲ್ಲ, ಬೇಡಿಕೆಯೂ ಇಲ್ಲ. ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಹೇಳಿದ ಹಾಗೆ ಇದೆ. ಸೆಲ್ಲಿನಲ್ಲಿ ಏನು ತುಂಬಬೇಕು ಎಂದು ಹೇಳುವ ಕಡೆಯಲ್ಲೆಲ್ಲ ನಾನು ‘ನಮೂದಿಸಿ’ ಬಿಟ್ಟು ‘ಇರಲಿ’ ಹಾಕುತ್ತೇನೆ.

‘ಕ್ಷಮಿಸಿ’ ಎಂಬುದು ಆಡ್-ಇನ್‌ನ ಕಡೆಯಿಂದಲೇ ಕೆಲಸ ಕೆಟ್ಟಾಗ ಬರಲಿ. ಕೂತವರು ದರ ಬರೆಯುವುದು ಮರೆತರೆ ಅದಕ್ಕೆ ಕಂಪ್ಯೂಟರ್ ಕ್ಷಮೆ ಕೇಳುವುದು ಸುಮ್ನೆ ಮಾತು.

ಮಾತಿನ ನಡುವೆ ಹೆಸರು ಬಂದಾಗ

ನಮ್ಮ ಕಡೆಯ ಕೌಂಟರಿನಲ್ಲಿ ಪರದೆಯನ್ನು ನೋಡುವವರು ಒಬ್ಬರೇ ಅಲ್ಲ. ಬಾಕಿ ಎಷ್ಟು ಎಂದು ಕೇಳಲು ಬಂದ ರೈತರು ಎದುರಿಗೇ ನಿಂತಿರುತ್ತಾರೆ. ಗುಮಾಸ್ತರು ‘ನೀವೇ ನೋಡಿ’ ಎಂದು ಪರದೆಯನ್ನು ಅವರ ಕಡೆ ತಿರುಗಿಸುತ್ತಾರೆ. ಆಗ ಅಲ್ಲಿ ‘ಮಂಜಪ್ಪನ ಬಾಕಿ’ ಎಂದಿದ್ದರೆ? ಅರವತ್ತು ದಾಟಿದ ಮನುಷ್ಯ ತನ್ನ ಹೆಸರನ್ನು ಹಾಗೆ ಓದಬೇಕಾಗಿ ಬರುವುದು ನನಗಂತೂ ಸರಿ ಕಾಣುವುದಿಲ್ಲ.

ಕೋಡ್ ಬರೆಯುವವರಿಗೆ ಇಲ್ಲಿ ಇನ್ನೊಂದು ಕಷ್ಟ. ಹೆಸರು ಸೆಲ್ಲಿನಿಂದ ಬರುತ್ತದೆ, ಅದಕ್ಕೆ ವಿಭಕ್ತಿ ಅಂಟಿಸಬೇಕು. ಮಂಜಪ್ಪ ಎಂಬುದಕ್ಕೆ ‘ನ’, ಲಕ್ಷ್ಮಿ ಎಂಬುದಕ್ಕೆ ‘ಯ’, ರಮೇಶ್ ಎಂಬುದಕ್ಕೆ ಬೇರೆ. ಎಲ್ಲದಕ್ಕೂ ‘ನ’ ಅಂಟಿಸಿದರೆ ‘ಲಕ್ಷ್ಮಿನ ಬಾಕಿ’ ಎಂದು ಬಂದುಬಿಡುತ್ತದೆ. ಹೆಸರಿನ ಕೊನೆಯ ಅಕ್ಷರ ನೋಡಿ ವಿಭಕ್ತಿ ಬದಲಿಸುವ ಕೋಡ್ ಬರೆಯಬಹುದು, ಆದರೆ ಅದು ಮುಗಿಯದ ಕೆಲಸ. ಹೆಸರನ್ನು ಬೇರೆ ಸಾಲಿನಲ್ಲಿ ಇಟ್ಟು ‘ಹೆಸರು: ಮಂಜಪ್ಪ, ಬಾಕಿ: 4,200’ ಎಂದು ತೋರಿಸುವುದು ಎರಡನೇ ದಾರಿ. ಅದು ಫಾರಂ ತುಂಬಿದ ಹಾಗಿರುತ್ತದೆ, ತಪ್ಪಿಲ್ಲ. ಮೂರನೆಯದು ‘ಅವರ’ ಸೇರಿಸುವುದು. ‘ಮಂಜಪ್ಪ ಅವರ ಬಾಕಿ’, ‘ಲಕ್ಷ್ಮಿ ಅವರ ಬಾಕಿ’, ‘ರಮೇಶ್ ಅವರಿಗೆ 4,200 ರೂಪಾಯಿ’. ವ್ಯಾಕರಣದ ತೊಡಕೂ ತೀರಿತು, ಮರ್ಯಾದೆಯೂ ಬಂತು. ಅಂಗಡಿ, ಸಂಘದ ಹೆಸರಿದ್ದರೂ ‘ಟ್ರೇಡರ್ಸ್ ಅವರ’ ಎಂಬುದು ಮಂಡಿಯಲ್ಲಿ ನಡೆಯುವ ಮಾತೇ. ಈ ಮೂರರಲ್ಲಿ ನನ್ನ ಆಯ್ಕೆ ಇದೇ.

ಕ್ರಿಯಾಪದದಲ್ಲೂ ಹಾಗೆ. ‘ಹಣ ಪಡೆದಿದ್ದಾನೆ’, ‘ಪಡೆದಿದ್ದಾಳೆ’ ಎಂದು ಗಂಡು ಹೆಣ್ಣು ನೋಡುತ್ತಾ ಕೂರುವ ಅಗತ್ಯ ಇಲ್ಲ. ‘ಪಡೆದಿದ್ದಾರೆ’ ಎಂದರೆ ಎಲ್ಲರಿಗೂ ಆಯಿತು.

ಶೀಟಿನ ಹೆಸರು, ಅಡಿಕೆಯ ಬಗೆ ಬಂದಾಗ ವಿಭಕ್ತಿಯನ್ನು ಹೊರಲು ಪಕ್ಕದಲ್ಲಿ ಒಂದು ಪದ ಇಡಿ. ರಾಶಿ, ಬೆಟ್ಟೆ, ಸರಕು, ಗೊರಬಲು, ಇವುಗಳಿಗೆ ನೇರವಾಗಿ ‘ಅಲ್ಲಿ’ ಅಂಟಿಸಿದರೆ ಒಂದು ‘ರಾಶಿಯಲ್ಲಿ’ ಆಗುತ್ತದೆ, ಇನ್ನೊಂದು ‘ಸರಕಿನಲ್ಲಿ’ ಆಗುತ್ತದೆ. ‘ರಾಶಿ ಪಟ್ಟಿಯಲ್ಲಿ’, ‘ಸರಕು ಪಟ್ಟಿಯಲ್ಲಿ’ ಎಂದರೆ ಹೆಸರು ಹಾಗೇ ಉಳಿಯುತ್ತದೆ, ‘ಪಟ್ಟಿ’ ಭಾರ ಹೊರುತ್ತದೆ.

ಸಂಖ್ಯೆಯ ವಿಷಯದಲ್ಲಿ ಕನ್ನಡ ನಮಗೆ ಬಹಳ ಅನುಕೂಲ ಮಾಡಿಕೊಟ್ಟಿದೆ. ಇಂಗ್ಲಿಷಿನಲ್ಲಿ ಒಂದು ಸಾಲಿಗೆ ಒಂದು ರೂಪ, ಎರಡಕ್ಕೆ ಇನ್ನೊಂದು ರೂಪ ಎಂದು ಕೋಡಿನಲ್ಲಿ ನೋಡಬೇಕು. ನಾವು ‘1 ಸಾಲು ಸೇರಿದೆ’, ‘38 ಸಾಲು ಸೇರಿದೆ’ ಎನ್ನಬಹುದು. ‘17ನೇ ಸಾಲು’ ಎಂಬ ‘ನೇ’ ಯಾವ ಅಂಕಿಗೂ ಹೊಂದುತ್ತದೆ. ಸುಮ್ನೆ ‘ಸಾಲುಗಳು’ ಎಂದು ಬರೆದು ‘1 ಸಾಲುಗಳು’ ಮಾಡಿಕೊಳ್ಳುವುದು ಬೇಡ.

ತಪ್ಪು ತೋರಿಸುವಾಗ

ತೂಕದ ಕಾಲಂನಲ್ಲಿ ಯಾರೋ ‘52 ಕೆಜಿ’ ಎಂದು ಬರೆದಿದ್ದಾರೆ. ಎಕ್ಸೆಲ್‌ಗೆ ಅದು ಅಂಕಿ ಅಲ್ಲ, ಅಕ್ಷರ. ಮೊತ್ತ ಕೂಡುವ ಸಮ್ ಸೂತ್ರ ಅಂಥ ಸೆಲ್ಲನ್ನು ಏನೂ ಹೇಳದೆ ಬಿಟ್ಟು ಮುಂದೆ ಹೋಗುತ್ತದೆ. ಮ್ಯಾಕ್ರೋ ಗುಣಿಸಲು ಹೋದರೆ ‘ರನ್-ಟೈಮ್ ಎರರ್ 13, ಟೈಪ್ ಮಿಸ್‌ಮ್ಯಾಚ್’ ಎಂದು ನಿಲ್ಲುತ್ತದೆ. ಕೆಳಗೆ ಎಂಡ್, ಡೀಬಗ್ ಎಂಬ ಬಟನ್. ಡೀಬಗ್ ಒತ್ತಿದರೆ ಹಳದಿ ಗೆರೆ ಬಿದ್ದ ಕೋಡ್ ತೆರೆದುಕೊಳ್ಳುತ್ತದೆ. ಕೂತವರಿಗೆ ಕೈಕಾಲು ಆಡುವುದಿಲ್ಲ.

ಇದನ್ನು ಕನ್ನಡದಲ್ಲಿ ತಿಳಿಸಲು ಮೂರು ಮಾದರಿ ನೋಡಿ.

‘ಅಮಾನ್ಯ ಮೌಲ್ಯ.’ ಚಿಕ್ಕದು, ಆದರೆ ಎಲ್ಲಿ, ಏನು ಎಂದು ಇಲ್ಲ.

‘ನೀವು ತೂಕವನ್ನು ತಪ್ಪಾಗಿ ನಮೂದಿಸಿದ್ದೀರಿ.’ ಬೆರಳು ತೋರಿಸಿದ ಹಾಗಿದೆ. ಅದನ್ನು ಬರೆದವರು ಬೆಳಗ್ಗೆ ಕೂತಿದ್ದ ಇನ್ನೊಬ್ಬರು ಇರಬಹುದು.

‘ರಾಶಿ ಪಟ್ಟಿ, 17ನೇ ಸಾಲು: ತೂಕದ ಜಾಗದಲ್ಲಿ “52 ಕೆಜಿ” ಎಂದಿದೆ. ಅಂಕಿ ಮಾತ್ರ ಇರಲಿ, 52 ಎಂದು.’

ಮೂರನೆಯದು ಉದ್ದ. ಆದರೂ ಅದನ್ನೇ ಆರಿಸಿ. ಕನ್ನಡದಲ್ಲಿ ‘ನೀವು’ ಎಂಬ ಕರ್ತೃ ಇಲ್ಲದೆಯೂ ವಾಕ್ಯ ನಿಲ್ಲುತ್ತದೆ. ಯಾರು ಮಾಡಿದರು ಎಂಬುದನ್ನು ಬಿಟ್ಟು ಏನಿದೆ ಎಂಬುದನ್ನು ಹೇಳಬಹುದು. ಒಪ್ಪಿಗೆ ಒತ್ತಿದ ಕೂಡಲೇ ಆ ಸೆಲ್ಲಿಗೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಎರರ್ ಸಂಖ್ಯೆಯನ್ನು ಕೊನೆಯಲ್ಲಿ ಸಣ್ಣದಾಗಿ ಇಡಿ. ಫೋನ್ ಮಾಡಿದಾಗ ‘13 ಅಂತ ಬರುತ್ತಿದೆ’ ಎಂದು ಅವರು ಹೇಳಿದರೆ ನಿಮಗೂ ಸುಲಭ.

ಕೆಲವು ಸಲ ತಪ್ಪು ತಪ್ಪೇ ಅಲ್ಲ. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ಹೆಸರು ಅಧಿಕೃತವಾಗಿ ಶಿಮೊಗ್ಗದಿಂದ ಶಿವಮೊಗ್ಗ ಆದದ್ದು 2014ರ ನವೆಂಬರ್ 1ರಂದು. ಹಳೆಯ ಶೀಟುಗಳಲ್ಲಿ ಎರಡೂ ಇವೆ. ಊರು ಹುಡುಕುವ ಸೂತ್ರಕ್ಕೆ ಅವೆರಡೂ ಬೇರೆ ಬೇರೆ ಊರು. ಅಲ್ಲಿ ‘ಊರಿನ ಹೆಸರು ತಪ್ಪು’ ಎನ್ನುವುದು ಅನ್ಯಾಯ. ‘ಶಿಮೊಗ್ಗ ಎಂಬುದು ಪಟ್ಟಿಯಲ್ಲಿ ಸಿಗಲಿಲ್ಲ. ಶಿವಮೊಗ್ಗ ಎಂದು ತೆಗೆದುಕೊಳ್ಳಲೇ?’ ಎಂದು ಕೇಳಿ, ಬಟನ್ ಮೇಲೆ ‘ತೆಗೆದುಕೋ’, ‘ಬೇಡ, ನಾನೇ ನೋಡುತ್ತೇನೆ’ ಎಂದು ಇಡಿ.

ಕಡತವೋ ಫೈಲೋ

ಇದನ್ನು ಬೇಗ ಮುಗಿಸಬಹುದು. ಫೈಲ್, ಸೆಲ್, ಕಾಲಂ, ಶೀಟ್, ಬ್ಯಾಕಪ್, ಪ್ರಿಂಟ್ ಇವು ಹಾಗೇ ಇರಲಿ. ಸಾಲು, ಮೊತ್ತ, ತೂಕ, ದರ, ಬಾಕಿ, ಮುಂಗಡ, ಚೀಟಿ, ಬಟವಾಡೆ ಇವು ಕನ್ನಡದಲ್ಲೇ ಇರಲಿ, ಇವುಗಳಿಗೆ ಇಂಗ್ಲಿಷ್ ತಂದರೆ ಮಂಡಿಯವರಿಗೇ ಅರ್ಥ ಆಗುವುದಿಲ್ಲ. ‘ಡಿಲೀಟ್’ ಎಲ್ಲರಿಗೂ ಗೊತ್ತು, ‘ಅಳಿಸು’ ಕೂಡ ಎಲ್ಲರಿಗೂ ಗೊತ್ತು, ಹಾಗಾಗಿ ‘ಅಳಿಸು’. ‘ಕೋಶ’, ‘ದತ್ತಾಂಶ’, ‘ಕಡತ’ ಎಂದು ಬರೆದರೆ ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತದೆ. ಡೈಲಾಗ್ ಬಾಕ್ಸಿನಲ್ಲಿ ಆ ಒಂದು ಕ್ಷಣವೂ ದುಬಾರಿ.

ಮಾತನ್ನು ಯಾವ ಪೆಟ್ಟಿಗೆಯಲ್ಲಿ ಇಡುವುದು

ಒಳ್ಳೆಯ ಕನ್ನಡ ಬರೆದರೂ ಪರದೆಯ ಮೇಲೆ ಬರೇ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಏನು ಪ್ರಯೋಜನ? ವಿಬಿಎ ಎಡಿಟರಿನಲ್ಲಿ ಕನ್ನಡ ಟೈಪ್ ಮಾಡಿದರೆ ಆಗುವುದು ಅದೇ. ಎಲ್ಲ ಭಾಷೆಯ ಅಕ್ಷರಗಳನ್ನೂ ಒಟ್ಟಿಗೆ ಇಡುವ ಪದ್ಧತಿ ಯೂನಿಕೋಡ್. ಆ ಎಡಿಟರ್ ಅದಕ್ಕೆ ಮುಂಚಿನ ಕೋಡ್ ಪೇಜ್ (ಕೆಲವೇ ಭಾಷೆಯ ಅಕ್ಷರಗಳ ಪಟ್ಟಿ) ಪದ್ಧತಿಯಲ್ಲಿ ನಿಂತಿದೆ, ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂಥ ಕೋಡ್ ಪೇಜ್ ಇಲ್ಲ. ಸೆಲ್ಲಿನಿಂದ ಕನ್ನಡ ತಂದು ಮಾಮೂಲಿ ಮೆಸೇಜ್ ಬಾಕ್ಸಿಗೆ ಕೊಟ್ಟರೂ ಅದು ದಾರಿಯಲ್ಲಿ ಕೆಡುತ್ತದೆ. ಇದೇ ಕಾರಣಕ್ಕೆ ಎಷ್ಟೋ ಜನ ‘ಕನ್ನಡ ಆಗುವುದಿಲ್ಲ’ ಎಂದು ಕೈಬಿಟ್ಟು ಇಂಗ್ಲಿಷಿನಲ್ಲೋ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲೋ ಬರೆಯುತ್ತಾರೆ. ಆಗುತ್ತದೆ. ದಾರಿಗಳು ಇವೆ.

ಮೊದಲ ದಾರಿ, ವಿಂಡೋಸ್‌ನ ಮೆಸೇಜ್ ಬಾಕ್ಸ್ ಡಬ್ಲ್ಯೂ (MessageBoxW) ಎಂಬ ಯೂನಿಕೋಡ್ ಫಂಕ್ಷನ್ನನ್ನು ಕೋಡಿನಿಂದ ನೇರವಾಗಿ ಕರೆಯುವುದು. ವಾಕ್ಯ ಕನ್ನಡದಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಬಟನ್ ವಿಂಡೋಸ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ ಇರುತ್ತದೆ, ನಾವು ಬದಲಿಸಲು ಆಗುವುದಿಲ್ಲ. ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ವಿಂಡೋಸ್ ಇರುವುದರಿಂದ ಮೇಲೆ ಕನ್ನಡ, ಕೆಳಗೆ ಯೆಸ್-ನೋ. ಕೆಲಸ ಮುಗಿಯಿತು ಎಂದು ತಿಳಿಸುವ, ಓಕೆ ಒಂದೇ ಇರುವ ಪೆಟ್ಟಿಗೆಗೆ ಇದು ಸಾಕು.

ಎರಡನೆಯದು ಯೂಸರ್‌ಫಾರಂ, ಅಂದರೆ ವಿಬಿಎಯಲ್ಲಿ ನಾವೇ ರಚಿಸುವ ಪೆಟ್ಟಿಗೆ. ವಾಕ್ಯವನ್ನೂ ಬಟನ್ ಮೇಲಿನ ಪದವನ್ನೂ ಶೀಟಿನ ಸೆಲ್ಲಿನಲ್ಲಿ ಬರೆದಿಟ್ಟು, ಫಾರಂ ತೆರೆಯುವಾಗ ಅಲ್ಲಿಂದ ತುಂಬಿಸಿದರೆ ಕನ್ನಡ ಸರಿಯಾಗಿ ಕಾಣುತ್ತದೆ. ‘ಬಿಲ್ ತೆಗೆ’, ‘ಹಾಗೇ ಇರಲಿ’ ಎಂದು ನಮಗೆ ಬೇಕಾದ ಬಟನ್ ಸಿಗುತ್ತದೆ. ಫಾರಂನ ತಲೆಪಟ್ಟಿಯಲ್ಲಿ ಮಾತ್ರ ಕನ್ನಡ ಕೆಡುತ್ತದೆ, ಅಲ್ಲಿ ಇಂಗ್ಲಿಷ್ ಹೆಸರು ಇಡಿ ಅಥವಾ ಖಾಲಿ ಬಿಡಿ. ಅಳಿಸುವ, ಬದಲಿಸುವ, ಹಣಕ್ಕೆ ಸಂಬಂಧಿಸಿದ ಪ್ರಶ್ನೆಗಳಿಗೆಲ್ಲ ಕೆಲಸ ಜಾಸ್ತಿ ಆದರೂ ಇದನ್ನೇ ಮಾಡಿ.

ಮೂರನೆಯದಕ್ಕೆ ಮ್ಯಾಕ್ರೋ ಬೇಡ: ಎಕ್ಸೆಲ್‌ನ ಡೇಟಾ ವ್ಯಾಲಿಡೇಶನ್, ಅಂದರೆ ಸೆಲ್ಲಿನಲ್ಲಿ ಏನು ತುಂಬಬಹುದು ಎಂದು ಮೊದಲೇ ಹೇಳಿಡುವ ಸೌಲಭ್ಯ. ಸೆಲ್ ಮೇಲೆ ಬಂದ ಕೂಡಲೇ ‘ಕೆಜಿ ಲೆಕ್ಕದಲ್ಲಿ, ಅಂಕಿ ಮಾತ್ರ ಇರಲಿ’ ಎಂದು ತೋರಿಸಬಹುದು. ತಪ್ಪು ಆಗುವ ಮುಂಚೆಯೇ ಹೇಳುವುದರಿಂದ ಇದು ಎಲ್ಲಕ್ಕಿಂತ ಮರ್ಯಾದೆಯ ದಾರಿ. ತಲೆಬರಹಕ್ಕೆ 32 ಅಕ್ಷರ, ಎಚ್ಚರಿಕೆಯ ಮಾತಿಗೆ 225 ಅಕ್ಷರದ ಮಿತಿ ಇದೆ. ಕಂಪ್ಯೂಟರ್ ಕನ್ನಡದ ಗುಣಿತ, ಒತ್ತುಗಳನ್ನು ಬೇರೆ ಬೇರೆ ಎಣಿಸುವುದರಿಂದ ನಮಗೆ ಬೇಗ ಮುಗಿಯುತ್ತದೆ. ಎಚ್ಚರಿಕೆಯ ಬಗೆಯಲ್ಲಿ ‘ವಾರ್ನಿಂಗ್’ ಆರಿಸಿದರೆ ನಿಮ್ಮ ಮಾತಿನ ಕೆಳಗೆ ಎಕ್ಸೆಲ್ ತಾನೇ ‘ಮುಂದುವರಿಸಬೇಕೆ’ ಎಂಬ ಅರ್ಥದ ಪ್ರಶ್ನೆ ಸೇರಿಸುತ್ತದೆ. ಹಾಗಾಗಿ ಅಲ್ಲಿ ನೀವು ಇನ್ನೊಂದು ಪ್ರಶ್ನೆ ಕೇಳಬೇಡಿ.

ಗೂಗಲ್ ಶೀಟ್ಸ್ ಬಳಸುವವರಿಗೆ ಅಕ್ಷರದ ತಾಪತ್ರಯ ಇಲ್ಲ. ಅಲ್ಲಿ ಮ್ಯಾಕ್ರೋ ಬರೆಯುವ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಕನ್ನಡವನ್ನು ನೇರವಾಗಿ ಬರೆಯಬಹುದು. ಅಲರ್ಟ್ ಪೆಟ್ಟಿಗೆಗೆ ಅಲ್ಲೂ ಸಿದ್ಧ ಬಟನ್‌ಗಳೇ. ಸ್ವಂತ ಪದ ಬೇಕಿದ್ದರೆ ವೆಬ್ ಪುಟದ ಹಾಗೆ ಬರೆಯುವ ಎಚ್‌ಟಿಎಂಎಲ್ ಡೈಲಾಗ್ ಮಾಡಬೇಕು. ಕೆಲಸ ಆಯಿತು ಎಂದು ತಿಳಿಸಲು ಟೋಸ್ಟ್ ಇದೆ, ಮೂಲೆಯಲ್ಲಿ ಬಂದು 5 ಸೆಕೆಂಡಿನಲ್ಲಿ ತಾನೇ ಹೋಗುತ್ತದೆ. ಯಾರನ್ನೂ ತಡೆಯುವುದಿಲ್ಲ.

ಈ ಎರಡರ ನಡುವೆ ಮಾತೂ ಬೇರೆಯಾಗಬೇಕು. ಗೂಗಲ್ ಶೀಟ್ಸ್‌ನಲ್ಲಿ ಹಳೆಯ ಆವೃತ್ತಿಗೆ ಹಿಂದಿರುಗಬಹುದು. ಎಕ್ಸೆಲ್‌ನಲ್ಲಿ ವಿಬಿಎ ಮ್ಯಾಕ್ರೋ ಶೀಟನ್ನು ಬದಲಿಸಿದ ಮೇಲೆ ಕಂಟ್ರೋಲ್ ಝಡ್ ಕೆಲಸಕ್ಕೆ ಬರುವುದಿಲ್ಲ, ಅದಕ್ಕಿಂತ ಹಿಂದಿನ ಬದಲಾವಣೆಗಳನ್ನೂ ಅದು ಮರೆತುಬಿಡುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಆದ್ದರಿಂದ ಎಕ್ಸೆಲ್ ಆಡ್-ಇನ್‌ನಲ್ಲಿ ‘214 ಸಾಲು ಅಳಿಸಲೇ? ಅಳಿಸಿದ ಮೇಲೆ ಕಂಟ್ರೋಲ್ ಝಡ್‌ನಿಂದ ವಾಪಸ್ ಬರುವುದಿಲ್ಲ’ ಎಂದು ಪೂರ್ತಿ ಹೇಳಲೇಬೇಕು. ಗೂಗಲ್ ಶೀಟ್ಸ್‌ನಲ್ಲಿ ಇದೇ ಮಾತನ್ನು ಹೇಳಿ ಸುಮ್ಮನೆ ಹೆದರಿಸುವುದು ಬೇಡ.

ಮೆಸೇಜ್ ಬಾಕ್ಸಿಗೆ ತಲೆಬರಹ ಕೊಡದಿದ್ದರೆ ಅಲ್ಲಿ ‘ಮೈಕ್ರೋಸಾಫ್ಟ್ ಎಕ್ಸೆಲ್’ ಎಂದು ಬರುತ್ತದೆ. ಆಗ ನಿಮ್ಮ ಮಾತು ಎಕ್ಸೆಲ್‌ನ ಮಾತಾಗಿ ಕಾಣುತ್ತದೆ. ಆಡ್-ಇನ್‌ನ ಹೆಸರು ಹಾಕಿ, ಯಾರು ಕೇಳುತ್ತಿದ್ದಾರೆ ಎಂದು ತಿಳಿಯಲಿ. ಇನ್ನು ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಹೆಸರುಗಳಿದ್ದರೆ ಅವನ್ನು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಸೆಲ್ಲಿನಲ್ಲಿ ಕನ್ನಡವಾಗಿ ಕಂಡದ್ದು ಡೈಲಾಗ್ ಬಾಕ್ಸಿಗೆ ಬಂದಾಗ ಇಂಗ್ಲಿಷ್ ಅಕ್ಷರಗಳ ಗುಂಪಾಗುತ್ತದೆ.

ಮಾತುಗಳನ್ನೆಲ್ಲ ಒಂದೇ ಶೀಟಿನಲ್ಲಿ ಇಡುವುದರಿಂದ ಇನ್ನೊಂದು ಒಳ್ಳೆಯದಾಗುತ್ತದೆ. ಮೊದಲ ಕಾಲಂನಲ್ಲಿ ಸಂಖ್ಯೆ, ಎರಡನೆಯದರಲ್ಲಿ ವಾಕ್ಯ, ಮೂರು ನಾಲ್ಕರಲ್ಲಿ ಬಟನ್. ಆ ಶೀಟನ್ನು ಪ್ರಿಂಟ್ ತೆಗೆದು ಕೌಂಟರಿನವರ ಕೈಗೆ ಕೊಡಿ, ಗಟ್ಟಿಯಾಗಿ ಓದಲು ಹೇಳಿ. ಎಲ್ಲಿ ಅವರು ತಡವರಿಸುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಸಿ, ಅವರು ಹೇಳುವ ಪದವನ್ನೇ ಪಕ್ಕದಲ್ಲಿ ಬರೆಸಿ. ಬದಲಿಸಲು ಕೋಡ್ ಮುಟ್ಟುವ ಅಗತ್ಯ ಇಲ್ಲ, ಸೆಲ್ಲಿನಲ್ಲಿ ಹೊಸ ಮಾತು ಟೈಪ್ ಮಾಡಿದರೆ ಸಾಕು. ಹೊಸ ಗುಮಾಸ್ತರು ಬಂದಾಗ ಅವರಿಗೂ ಒಂದು ಸಲ ಓದಿಸಿ.